ಕಲ್ಲಿಲ್ಲದ ಮಂಟಪ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಬಸವಭಕ್ತರು ಮೂಡುಬಿದಿರೆಯಲ್ಲಿ ಸೇರಿದ್ದ ವಚನ ಚಿಂತನ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಅನುಭವ ಮಂಟಪ. ನಿಮ್ಮ ಹಿರಿಯರು ಫೋನಿನಲ್ಲಿ ಮಾತಾಡುವಾಗ ಇನ್ನೊಂದು ಮಾತು ಸೇರಿಸಿದರು. ‘ಈ ಕಡೆ ನಮ್ಮವರದು ಕೆಲವೇ ಮನೆಗಳು. ಒಂದು ಬಸವ ಭವನ ಕಟ್ಟಬೇಕೆಂದು ಜಾಗ ನೋಡುತ್ತಿದ್ದೇವೆ. ಆ ಬಗ್ಗೆಯೂ ಎರಡು ಮಾತು ಆಡಿ, ಜನಕ್ಕೆ ಹುರುಪು ಬರಲಿ’ ಎಂದರು. ಆಡುತ್ತೇನೆ. ಹುರುಪು ಬರುತ್ತದೋ, ಇರುವ ಹುರುಪೂ ಇಳಿಯುತ್ತದೋ ನೀವೇ ಹೇಳಬೇಕು.

ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿ ಮೇಲೆ ಬಂದೆ. ದಾರಿಯಲ್ಲಿ ಗಡಾಯಿಕಲ್ಲು ಕಾಣಿಸಿತು. ಟಿಪ್ಪು ಸುಲ್ತಾನ್ 1794ರಲ್ಲಿ ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಅಷ್ಟು ಎತ್ತರದ ಬಂಡೆ, ಹತ್ತುವುದಕ್ಕೆ ಒಂದೇ ಕಡಿದಾದ ದಾರಿ. ಆದರೂ ಐದು ವರ್ಷಕ್ಕೆ, 1799ರಲ್ಲಿ, ಅದು ಕುಂಪಣಿಯ ಕೈಗೆ ಹೋಯಿತು. ಕಲ್ಲಿನ ಕಟ್ಟಡದ ಹಣೆಬರಹವೇ ಹಾಗೆ. ಬೀಗದ ಕೈ ಯಾರ ಹತ್ತಿರ ಇದೆಯೋ ಕಟ್ಟಡ ಅವರದು. ಬೆಳಿಗ್ಗೆ ಅದನ್ನು ನೋಡಿದ ಮೇಲೆ ನನ್ನ ಭಾಷಣ ಬೇರೆ ದಾರಿ ಹಿಡಿಯಿತು. ಬೀಗ ಹಾಕಲು ಆಗದ ಕಟ್ಟಡಗಳ ಬಗ್ಗೆ, ಮನಸ್ಸಿನಲ್ಲಿ ಕಟ್ಟಿದ ಕಟ್ಟಡಗಳ ಬಗ್ಗೆ ಮಾತಾಡೋಣ ಅನ್ನಿಸಿತು. ಅಂಥ ಕಟ್ಟಡಗಳನ್ನು ಕಂಡು ದೊರೆಗಳು ಯಾಕೆ ಹೆದರುತ್ತಾರೆ ಎನ್ನುವುದನ್ನೂ ನೋಡೋಣ.

ಇಲ್ಲಿಗೆ ಬರುವ ಮೊದಲು ಸಾವಿರ ಕಂಬದ ಬಸದಿಗೆ ಹೋಗಿದ್ದೆ. ನಿಮಗೆ ದಿನಾ ನೋಡುವ ಜಾಗ, ನನಗೆ ಹೊಸದು. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ನಾನು ಎಣಿಸಲೂ ಇಲ್ಲ, ಹೋಲಿಸಿ ನೋಡಲೂ ಇಲ್ಲ, ಸುಮ್ಮನೆ ಕೂತಿದ್ದೆ. ಅದರ ಕೆಲಸ ನಡೆದದ್ದು 1430ರ ಹೊತ್ತಿಗೆ, ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದಾಗ. ಕೂತಲ್ಲೇ ಹೊಳೆಯಿತು: ಅದೇ ಅರಸನ ಕಾಲದಲ್ಲಿ ನಮ್ಮವರೂ ಒಂದು ದೊಡ್ಡ ಕಟ್ಟಡ ಕಟ್ಟುತ್ತಿದ್ದರಲ್ಲ! ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಪ್ರಭುಲಿಂಗಲೀಲೆಯ ಚಾಮರಸ, ನೂರೊಂದು ವಿರಕ್ತರು ಎಲ್ಲರೂ ಆ ಕಾಲದವರು. ಆ ಹದಿನೈದನೆಯ ಶತಮಾನದಲ್ಲೇ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಕಟ್ಟಿದರು. ಆಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ನಂತರ ಒಬ್ಬರು ಅದಕ್ಕೆ ಸೇರಿಸುತ್ತಾ, ತಿದ್ದುತ್ತಾ ಹೋದರು. ಬಸದಿಗೆ ಕಾಲಕಾಲಕ್ಕೆ ಮಂಟಪ, ಕಂಬ ಸೇರಿದ ಹಾಗೆ. ಇಲ್ಲಿ ಸಾವಿರ ಕಂಬ ಕಲ್ಲಿನಲ್ಲಿ ಏಳುತ್ತಿದ್ದಾಗ ಅಲ್ಲಿ ಮಂಟಪ ಮಾತಿನಲ್ಲಿ ಏಳುತ್ತಿತ್ತು.

ಈಗ ಒಂದು ಕಷ್ಟದ ಮಾತು. ಯಾರೂ ಸಿಟ್ಟಾಗಬೇಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ‘ಇದೇ ಅನುಭವ ಮಂಟಪದ ಅಡಿಪಾಯ’ ಎಂದು ತೋರಿಸುವ ಶಾಸನ ಇದುವರೆಗೆ ಸಿಕ್ಕಿಲ್ಲ. ಬಸವಣ್ಣನವರು ಇದ್ದರು, ಅದರಲ್ಲಿ ಸಂದೇಹವೇ ಇಲ್ಲ; ಅರ್ಜುನವಾಡದ 1260ರ ಶಾಸನದಲ್ಲಿ ಅವರ ಹೆಸರಿದೆ. ಶರಣರು ಕೂಡಿದರು, ಕೂತು ಮಾತಾಡಿದರು, ಜಗಳವಾಡಿದರು, ಒಬ್ಬರನ್ನೊಬ್ಬರು ತಿದ್ದಿದರು. ವಚನಗಳೇ ಅದಕ್ಕೆ ಸಾಕ್ಷಿ. ಆದರೆ ಮಂಟಪ, ಅದರ ನಡುವೆ ಶೂನ್ಯ ಸಿಂಹಾಸನ, ಅದರ ಮೇಲೆ ಅಲ್ಲಮಪ್ರಭು, ಸುತ್ತ ಅಸಂಖ್ಯಾತರು, ಈ ಚಿತ್ರವನ್ನು ಇಷ್ಟು ತುಂಬಿ ಬಿಡಿಸಿಕೊಟ್ಟವರು ಶೂನ್ಯಸಂಪಾದನಕಾರರು. ಇದನ್ನು ಹೇಳಿದರೆ ಕೆಲವರು ‘ಹಾಗಾದರೆ ಎಲ್ಲ ಸುಳ್ಳೇ?’ ಎಂದು ಕೇಳುತ್ತಾರೆ. ಸುಳ್ಳು ಎಂದು ಯಾರು ಹೇಳಿದರು? ಅಡಿಪಾಯ ಅಗೆದು ತೋರಿಸಿದರೆ ಮಾತ್ರ ನಿಜ ಎನ್ನುವ ಲೆಕ್ಕ ನಮಗೆ ಎಲ್ಲಿಂದ ಬಂತು? ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಕಟ್ಟಡದ ನಕ್ಷೆ ನೋಡೋಣ. ನಿಮ್ಮ ಊರಿನ ಗುತ್ತಿನ ಮನೆಗಳನ್ನು ನೆನಪಿಸಿಕೊಳ್ಳಿ. ಚಾವಡಿ ಇದೆ, ಜಗಲಿ ಇದೆ, ಅಂಗಳ ಇದೆ, ಅಂಗಳದ ಆಚೆಗೆ ದಣಪೆ ಇದೆ. ಯಾರು ಚಾವಡಿಯಲ್ಲಿ ಕೂರಬಹುದು, ಯಾರು ಜಗಲಿಯ ಕೆಳಗೆ ನಿಲ್ಲಬೇಕು, ಯಾರು ದಣಪೆಯ ಆಚೆಯಿಂದಲೇ ಕೂಗಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಟ್ಟಡವೇ ಹೇಳುತ್ತಿತ್ತು. ನಮ್ಮ ಕಡೆಯ ಗೌಡರ ಪಡಸಾಲೆಯೂ ಇದಕ್ಕಿಂತ ಬೇರೆಯೇನಲ್ಲ. ಶೂನ್ಯಸಂಪಾದನೆಯ ಮಂಟಪದಲ್ಲಿ ಈ ಅಂಗಳವೇ ಇಲ್ಲ. ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ ಎಲ್ಲರೂ ಒಂದೇ ನೆಲದ ಮೇಲೆ. ಇದು ಕಟ್ಟಡದ ಮಾತಿನಲ್ಲಿ ಹೇಳಿದ ರಾಜಕೀಯ. ಬಸವಣ್ಣನವರ ದೇಹವೇ ದೇಗುಲ ಎನ್ನುವ ವಚನ ನಿಮಗೆಲ್ಲ ಬಾಯಿಪಾಠ. ಅದನ್ನು ನಾನು ಹೇಳಬೇಕಾಗಿಲ್ಲ. ಅಲ್ಲೂ ಕೆಲಸ ಇದೇ. ದೇವಸ್ಥಾನ ಕಟ್ಟಿಸುವ ಶಕ್ತಿ ಯಾರಿಗಿದೆಯೋ ಅವರಿಗೇ ದೇವರೂ ಹತ್ತಿರ ಎನ್ನುವ ಲೆಕ್ಕವನ್ನು ಒಂದೇ ಕಟ್ಟಡ ತೋರಿಸಿ ಕೆಡವಿದರು. ಆ ಕಟ್ಟಡ ಎಲ್ಲರ ಹತ್ತಿರವೂ ಇತ್ತು.

ಸಿದ್ಧರಾಮಯ್ಯನವರ ಪ್ರಸಂಗ ನನಗೆ ಎಲ್ಲಕ್ಕಿಂತ ಇಷ್ಟ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು, ಜನ ಕೈಮುಗಿಯುತ್ತಿದ್ದ ದೊಡ್ಡವರು. ಅಲ್ಲಮರು ಅಲ್ಲಿಗೆ ಹೋಗಿ ‘ಎಲ್ಲಿ ಆ ಒಡ್ಡರ ರಾಮ?’ ಎಂಬಂತೆ ಕೆಣಕುತ್ತಾರೆ. ಕೆಲಸಗಾರರು ಕಲ್ಲು ಎಸೆಯುತ್ತಾರೆ. ಕಡೆಗೆ ಮಾತುಕತೆಯಾಗಿ, ಸಿದ್ಧರಾಮರು ಅಲ್ಲಮರ ಜೊತೆ ಕಲ್ಯಾಣಕ್ಕೆ ಹೊರಡುತ್ತಾರೆ. ಕೆರೆ ಕಟ್ಟಿಸಿದ್ದು ತಪ್ಪೇ? ಅಲ್ಲ. ಕೆರೆ ಬೇಕು, ಜನಕ್ಕೆ ನೀರು ಬೇಕು. ಕಟ್ಟಿಸಿದವನು ನಾನು ಎನ್ನುವುದು ಎದೆಯೊಳಗೆ ಇನ್ನೊಂದು ಗುಡಿಯಾಗಿ ಎದ್ದಿತ್ತಲ್ಲ, ಅಲ್ಲಮರು ಕೈಹಾಕಿದ್ದು ಅದಕ್ಕೆ. ಭವನ ಸಮಿತಿಯವರು ಈ ಭಾಗವನ್ನು ಒಮ್ಮೆ ಕೂತು ಓದಬೇಕು. (ನಗು)

ಮೂಡುಬಿದಿರೆಯಲ್ಲಿ ನಿಂತು ರತ್ನಾಕರವರ್ಣಿಯನ್ನು ನೆನೆಯದೆ ಹೋದರೆ ತಪ್ಪಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಭರತೇಶ ವೈಭವ ಬರೆದ ಇಲ್ಲಿಯ ಕವಿ. ಅವನು ಕೆಲಕಾಲ ಲಿಂಗಧಾರಣೆ ಮಾಡಿಕೊಂಡು ಮತ್ತೆ ಹಿಂದಿರುಗಿದ ಎಂಬ ಐತಿಹ್ಯವಿದೆ. ನಿಜವೋ ಅಲ್ಲವೋ, ನಮ್ಮ ಮನೆಗೂ ಅವರ ಮನೆಗೂ ನಡುವೆ ಬಾಗಿಲು ಇತ್ತು ಎಂದು ಆ ಕಥೆ ಹೇಳುತ್ತದೆ. ಅವನ ಭರತ ಅರಮನೆಯಲ್ಲೇ ಇದ್ದು, ರಾಜ್ಯ ಆಳುತ್ತಲೇ, ಕಣ್ಣು ಮುಚ್ಚಿ ಒಳಗಿನ ಇನ್ನೊಂದು ಮನೆಗೆ ಹೋಗಿ ಕೂರುತ್ತಾನೆ.

ಇನ್ನು ನಮ್ಮ ಮೇಲೆ ನಾವೇ ಹೇಳಿಕೊಳ್ಳಬೇಕಾದ ಮಾತು. ತುಳುನಾಡಿಗೆ ಲಿಂಗಾಯತ ಎಂಬ ಹೆಸರು ದೊಡ್ಡದಾಗಿ ಬಂದದ್ದು ವಚನದ ಕಟ್ಟು ಹಿಡಿದುಕೊಂಡಲ್ಲ. ಇಕ್ಕೇರಿಯ ಸೈನ್ಯದ ಜೊತೆ ಬಂತು. ಕೆಳದಿ ಅರಸರು ನಮ್ಮವರೇ. ವೆಂಕಟಪ್ಪ ನಾಯಕ, ಶಿವಪ್ಪ ನಾಯಕ ಎಂದರೆ ನಾವು ಎದೆಯುಬ್ಬಿಸುತ್ತೇವೆ. ಬೇಕಲದಂಥ ಕೋಟೆ ಕಟ್ಟಿದರು, ಪೋರ್ಚುಗೀಸರನ್ನು ಹಿಮ್ಮೆಟ್ಟಿಸಿದರು, ಅದು ನಿಜ. ಆದರೆ ಇಲ್ಲಿಯ ಚೌಟರಿಗೆ, ಬಂಗರಿಗೆ, ಅಜಿಲರಿಗೆ ಅವರು ಘಟ್ಟದ ಮೇಲಿಂದ ಬಂದು ಕಪ್ಪ ಕೇಳಿದವರು. ಕೊರಳಲ್ಲಿ ಲಿಂಗವಿದ್ದರೂ ಕೈಯಲ್ಲಿದ್ದದ್ದು ಕೋಟೆಯ ಬೀಗದ ಕೈ. ಇದನ್ನು ಮುಚ್ಚಿಟ್ಟು ಈ ಊರಿನಲ್ಲಿ ನಾನು ವಸಾಹತುಶಾಹಿಯನ್ನು ಬೈದರೆ, ಎದುರಿಗಿರುವ ಜೈನ ಬಂಧುಗಳು ಒಳಗೊಳಗೇ ನಗುತ್ತಾರೆ.

ಹೀಗಿರುವಾಗ 1837ರಲ್ಲಿ ಇದೇ ನಾಡಿನಲ್ಲಿ ನಡೆದದ್ದು ಬೆರಗು ಹುಟ್ಟಿಸುತ್ತದೆ. ಕೊಡಗಿನ ಹಾಲೇರಿ ಅರಸರೂ ನಮ್ಮವರೇ. ಆ ವಂಶದ ಮೂಲಪುರುಷ ಜಂಗಮ ವೇಷದಲ್ಲಿ ಹಾಲೇರಿಗೆ ಬಂದ ಎಂದು ಕಥೆ. 1834ರಲ್ಲಿ ಕುಂಪಣಿ ಕೊಡಗನ್ನು ವಶಪಡಿಸಿಕೊಂಡು ಚಿಕ್ಕವೀರರಾಜೇಂದ್ರನನ್ನು ಗಡೀಪಾರು ಮಾಡಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಿ ಎಂದಿತು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ರೂಪಾಯಿ ಬೆಳೆಯುವುದಿಲ್ಲ. ಭತ್ತವನ್ನು ರೂಪಾಯಿ ಮಾಡಬೇಕಾದರೆ ಸಾಹುಕಾರನ ಅಂಗಡಿಗೆ ಹೋಗಬೇಕು, ಅವನು ಹೇಳಿದ ಧಾರಣೆಗೆ ಕೊಡಬೇಕು, ಸಾಲದಿದ್ದರೆ ಸಾಲ ತರಬೇಕು. ರೈತ ಸಿಕ್ಕಿಬಿದ್ದದ್ದು ಅಲ್ಲಿ.

ಆಗ ಸ್ವಾಮಿ ಅಪರಂಪಾರ, ಕಲ್ಯಾಣಸ್ವಾಮಿ ಎಂಬವರು ಹಾಲೇರಿ ವಂಶದ ಹೆಸರಿನಲ್ಲಿ ಎದ್ದರು. ಇಬ್ಬರನ್ನೂ ಸರ್ಕಾರ ಹಿಡಿದು ಸೆರೆಗೆ ಹಾಕಿತು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪುಟ್ಟಬಸಪ್ಪ ಎಂಬ ಸಾಮಾನ್ಯ ಮನುಷ್ಯನೊಬ್ಬ ಜಂಗಮ ವೇಷದಲ್ಲಿ ಕಾಣಿಸಿಕೊಂಡ. ಜನ ಅವನನ್ನೇ ಕಲ್ಯಾಣಸ್ವಾಮಿ ಎಂದರು. ಕಂದಾಯ ಮನ್ನಾ, ಉಪ್ಪು ಹೊಗೆಸೊಪ್ಪಿನ ಸುಂಕ ರದ್ದು ಎಂದು ಸಾರಿದರು. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂದೆ ನಿಂತರು. ಬೆಳ್ಳಾರೆಯ ಖಜಾನೆ ಹಿಡಿದರು. ಅಲ್ಲಿಂದ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ. ನೀವು ಇವತ್ತು ಬಸ್ಸಿನಲ್ಲಿ ಬಂದ ನೇತ್ರಾವತಿಯ ದಾರಿಯಲ್ಲೇ ಅವರು ನಡೆದು ಹೋದರು. ನಂದಾವರದ ಬಂಗರಸರು ಕೂಡಿಕೊಂಡರು. ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ಬಾವುಟ ಹಾರಿತು. ಅದನ್ನು ಇವತ್ತಿಗೂ ಬಾವುಟಗುಡ್ಡ ಎನ್ನುತ್ತಾರೆ. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು.

ಗಮನಿಸಿ. ಮಡಿಕೇರಿಯ ಕೋಟೆ, ಅರಮನೆ ಆಗಲೇ ಕುಂಪಣಿಯ ಹತ್ತಿರ. ಅರಸ ದೂರದ ಕಾಶಿಯಲ್ಲಿ. ಕಿರೀಟ ಇಲ್ಲ, ಸಿಂಹಾಸನ ಇಲ್ಲ. ಇದ್ದದ್ದು ಸಿಂಹಾಸನದ ಒಂದು ನೆನಪು, ಅದರ ಪಕ್ಕದಲ್ಲಿ ಒಂದು ಕಾವಿ. ಒಬ್ಬನನ್ನು ಹಿಡಿದರೆ ಇನ್ನೊಬ್ಬ ಅದೇ ಹೆಸರಿನಲ್ಲಿ ಬರುತ್ತಾನೆ, ಯಾಕೆಂದರೆ ಪೀಠ ಖಾಲಿ ಇದೆ, ಖಾಲಿ ಪೀಠವನ್ನು ಸೆರೆಮನೆಗೆ ಹಾಕಲು ಬರುವುದಿಲ್ಲ. ಇಕ್ಕೇರಿಯ ನಿಜವಾದ ಸಿಂಹಾಸನ ಯಾರನ್ನು ಬಗ್ಗಿಸಿತ್ತೋ ಆ ಬಂಗರ ಮನೆತನದವರೇ, ಕಾಣದ ಹಾಲೇರಿ ಸಿಂಹಾಸನದ ಹೆಸರಿಗೆ ಓಗೊಟ್ಟು ಬಂದರು. ಗೌಡರು ಬಂದರು, ಹಲವು ಜಾತಿಯ ಒಕ್ಕಲು ಮಕ್ಕಳು ಬಂದರು. ಕಲ್ಯಾಣ ಎನ್ನುವ ಹೆಸರನ್ನು ಹಿಡಿದು ಬಸವಕಲ್ಯಾಣದವರೆಗೆ ಎಳೆಯಲು ನನಗೂ ಆಸೆಯಾಗುತ್ತದೆ, ಆದರೆ ಅಷ್ಟು ಎಳೆಯಬಾರದು. ಅಲ್ಲಿ ಎದ್ದವರಿಗೆ ಬೇಕಾಗಿದ್ದದ್ದು ಅರಸನೇ, ಅರಸಿಲ್ಲದ ರಾಜ್ಯವಲ್ಲ. ಕುಂಪಣಿಯ ಕಡೆಯವರು ಇದನ್ನು ದರೋಡೆ ಎಂದು ಬರೆದರು. ಊರಿನ ಬಾಯಲ್ಲಿ ಕೂಡ ಅದು ಕಲ್ಯಾಣಪ್ಪನ ಕಾಟಕಾಯಿ ಎಂದೇ ಉಳಿಯಿತು. ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಮುಂದೆ ನೇಣಿಗೆ ಹಾಕಿದರು. ನಿರಂಜನರು ಇದರ ಮೇಲೆ ಕಲ್ಯಾಣಸ್ವಾಮಿ, ಸ್ವಾಮಿ ಅಪರಂಪಾರ ಎಂಬ ಎರಡು ಕಾದಂಬರಿ ಬರೆದಿದ್ದಾರೆ. ಓದದವರು ಓದಿ.

ನೇಣು ಹಾಕಿದರೂ ಸರ್ಕಾರಕ್ಕೆ ಸಮಾಧಾನವಾಗಲಿಲ್ಲ. 1855ರಲ್ಲಿ ಮಡಿಕೇರಿ ಕೋಟೆಯೊಳಗಿದ್ದ ವೀರಭದ್ರನ ಗುಡಿಯನ್ನು ತೆಗೆಸಿದರು. ಕೋಟೆಯೊಳಗೆ ಇಗರ್ಜಿ ಎದ್ದಿತು. ಜಗಳ ಕ್ರೈಸ್ತ ಬಂಧುಗಳ ಜೊತೆಯಲ್ಲ. ಆಳುವವನಿಗೆ ಕಟ್ಟಡದ ಭಾಷೆ ಚೆನ್ನಾಗಿ ಗೊತ್ತಿತ್ತು ಎನ್ನುವುದಷ್ಟೇ ನನ್ನ ಮಾತು. ಕಚೇರಿ ಕಟ್ಟಿದರು: ಸಾಹೇಬನಿಗೆ ಮೇಜು ಕುರ್ಚಿ, ಗುಮಾಸ್ತನಿಗೆ ಸ್ಟೂಲು, ರೈತನಿಗೆ ವರಾಂಡದ ಆಚೆಯ ಮರದ ನೆರಳು. ಹಳೆಯ ಗುತ್ತಿನ ಅಂಗಳವನ್ನು ಅವರು ಕೆಡವಲಿಲ್ಲ, ಅಗಲ ಮಾಡಿದರು.

ಕಲ್ಲಿನ ಜೊತೆಗೆ ಮಾತಿನಲ್ಲೂ ಒಂದು ಕಟ್ಟಡ ಕಟ್ಟಿದರು. ಅದರ ಹೆಸರು ‘ಈ ಜನಕ್ಕೆ ಆಳಿಕೊಳ್ಳಲು ಬರುವುದಿಲ್ಲ’. ಪೂರ್ವದೇಶದವರಿಗೆ ದೊರೆ ಬೇಕು, ಸಭೆ ಸೇರಿ ತೀರ್ಮಾನಿಸುವುದು ಅವರ ರಕ್ತದಲ್ಲಿಲ್ಲ ಎಂಬ ವಾದ. 1908ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾರ್ಲೆ, ತಮ್ಮ ಸುಧಾರಣೆಗಳು ಭಾರತದಲ್ಲಿ ಪಾರ್ಲಿಮೆಂಟ್ ಪದ್ಧತಿಗೆ ದಾರಿಯಾಗುವಂತಿದ್ದರೆ ತಾನು ಅದಕ್ಕೆ ಕೈಹಾಕುತ್ತಲೇ ಇರಲಿಲ್ಲ ಎಂಬ ಅರ್ಥದಲ್ಲಿ ಲಂಡನ್ನಿನಲ್ಲಿ ಹೇಳಿದ. ಉದಾರವಾದಿ ಎಂದು ಹೆಸರಾದವನ ಬಾಯಲ್ಲೇ ಈ ಮಾತು!

ಐದು ವರ್ಷ ಕಳೆಯುವುದರೊಳಗೆ, 1913ರಲ್ಲಿ, ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಬೀದಿಗೆ ತಂದರು. ಇನ್ನು ಫ. ಗು. ಹಳಕಟ್ಟಿಯವರು. ವಿಜಯಪುರದ ವಕೀಲರು, ಮನೆಮನೆ ತಿರುಗಿ ತಾಳೆಗರಿ ಕೂಡಿಸಿದರು. ಅವರ ಜೀವನ ಬರೆದವರು ಹೇಳುವ ಒಂದು ಸಂಗತಿ ನಿಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ವಚನಶಾಸ್ತ್ರಸಾರದ ಹಸ್ತಪ್ರತಿ ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಗಿ, ಅಚ್ಚಾಗದೆ ಹಿಂದಕ್ಕೆ ಬಂತಂತೆ. ಅದೇ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಭೀಮಕವಿಯ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಆ ಉಪಕಾರ ಮರೆಯಬಾರದು. ಪವಾಡದ ಪುರಾಣ ಅಚ್ಚಾಗಬಹುದಿತ್ತು, ಪ್ರಶ್ನೆ ಕೇಳುವ ವಚನ ತೊಡಕಾಯಿತೋ ಏನೋ. ಕಡೆಗೆ 1923ರಲ್ಲಿ ಅದನ್ನು ಅಚ್ಚುಮಾಡಿದ್ದು ಬೆಳಗಾವಿಯ ಮಹಾವೀರ ಪ್ರೆಸ್. ಹೆಸರು ಕೇಳಿದಿರಲ್ಲ, ಮಹಾವೀರ. ಇವತ್ತಿನ ಈ ಸಭಾಂಗಣವನ್ನು ಬಾಡಿಗೆ ತೆಗೆದುಕೊಳ್ಳದೆ ಕೊಟ್ಟವರೂ ಒಬ್ಬ ಜೈನ ಬಂಧುವೇ ಎಂದು ಹಿರಿಯರು ಹೇಳಿದರು.

1925ರಲ್ಲಿ ಹಳಕಟ್ಟಿಯವರು ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ಶಿವಾನುಭವ ಪತ್ರಿಕೆ. ಅದಕ್ಕೆ ಹಣ? ಇದ್ದ ಮನೆ ಮಾರಿದರು. ಬಾಡಿಗೆ ಮನೆಯಲ್ಲಿ ಉಳಿದರು. ಇಟ್ಟಿಗೆಯ ಮನೆ ಕೊಟ್ಟು ಅಕ್ಷರದ ಮಂಟಪ ತಂದ ಇನ್ನೊಬ್ಬರು ನನಗೆ ಗೊತ್ತಿಲ್ಲ.

ಆ ಕಾಲದಲ್ಲಿ ನಮ್ಮ ಹಿರಿಯರು ಅನುಭವ ಮಂಟಪವನ್ನು ಹೊಸ ಮಾತಿನಲ್ಲಿ ಹೇಳತೊಡಗಿದರು. ಸಭೆ, ಪರಿಷತ್ತು, ಆಮೇಲೆ ಸಂಸತ್ತು. ಮಾರ್ಲೆಯಂಥವರಿಗೆ ಕೊಟ್ಟ ಉತ್ತರ ಅದು. ‘ನಿಮ್ಮ ದೇಶದಲ್ಲಿ ದೊರೆಯ ಮುಂದೆ ಶ್ರೀಮಂತರು ಬಾಯಿ ತೆರೆಯುವ ಮೊದಲೇ ನಮ್ಮಲ್ಲಿ ಅಗಸ, ಅಂಬಿಗ, ಹೆಂಗಸು ಮಂತ್ರಿಯ ಎದುರು ಕೂತು ವಾದ ಮಾಡಿದ್ದರು’ ಎನ್ನುವ ಉತ್ತರ. ಇಂಗ್ಲೆಂಡಿನ ಎಲ್ಲ ವಯಸ್ಕ ಹೆಂಗಸರಿಗೆ ಗಂಡಸರಷ್ಟೇ ಮತದ ಹಕ್ಕು ಸಿಕ್ಕಿದ್ದು 1928ರಲ್ಲಿ. ಕಣ್ಣಿಗೆ ಕಾಣದ ಒಂದು ಕಟ್ಟಡವನ್ನು ಎದುರಿಟ್ಟು, ಕಣ್ಣು ಕುಕ್ಕುವ ಒಂದು ಸಾಮ್ರಾಜ್ಯಕ್ಕೆ ‘ನೀನು ಹೇಳುವುದು ಸುಳ್ಳು’ ಎಂದರು. ಉತ್ತರದ ಕಡೆ ಸಂತ ರವಿದಾಸರು ಬೇಗಂಪುರ ಎಂಬ ದುಃಖವಿಲ್ಲದ, ಸುಂಕವಿಲ್ಲದ ಊರನ್ನು ಹಾಡಿದರು. ಅದೂ ಯಾವ ಭೂಪಟದಲ್ಲೂ ಇಲ್ಲ. ಅಂಥ ಊರಿನ ವಿಳಾಸ ಹೇಳಿದರೆ ಸಾಕು, ಈಗಿರುವ ಊರಿನ ಕೊಳೆ ಕಾಣಿಸುತ್ತದೆ.

ಆ ಉತ್ತರ ಆ ಕಾಲಕ್ಕೆ ಬೇಕಿತ್ತು. ಆದರೆ ಇವತ್ತಿಗೂ ನಾವು ‘ಜಗತ್ತಿನ ಮೊದಲ ಪಾರ್ಲಿಮೆಂಟು’ ಎಂದಷ್ಟೇ ಹೇಳುತ್ತಾ ಕೂತರೆ, ಅಳತೆಗೋಲು ಇನ್ನೂ ಅವರದೇ. ಲಂಡನ್ನಿನ ಕಟ್ಟಡ ಮೊದಲು, ನಮ್ಮದು ಅದರ ಹಾಗೆ ಇತ್ತು ಎಂಬ ಹೆಮ್ಮೆ. ಆಗ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಅಡಿಪಾಯ ತೋರಿಸಿದರೆ ಮಾತ್ರ ನಿಜ, ಅವರಂತಿದ್ದರೆ ಮಾತ್ರ ದೊಡ್ಡದು, ಈ ಎರಡೂ ಲೆಕ್ಕ ಕಲಿಸಿದವರು ನಮ್ಮನ್ನು ಆಳಿದವರು. ಪಾರ್ಲಿಮೆಂಟಿನಲ್ಲಿ ಬಹುಮತ ಬಂದರೆ ಕೆಲಸ ಮುಗಿಯಿತು. ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಹಾಗಲ್ಲ. ಗಂಡ ಮಾರಯ್ಯ ಅಂಗಳದಿಂದ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರೆ, ಆ ಹೆಚ್ಚನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ಬಸವಣ್ಣನವರ ಮಹಾಮನೆಯ ಅಕ್ಕಿ ಅದು! ಇಷ್ಟು ಸಾಕು, ಮಿಕ್ಕದ್ದು ನನ್ನದಲ್ಲ ಎನ್ನುವವರು ಕೂರುವ ಸಭೆಗೆ ಪಾರ್ಲಿಮೆಂಟು ಎನ್ನುವ ಹೆಸರು ಚಿಕ್ಕದಾಗುತ್ತದೆ. ಇದ್ದಬದ್ದ ನಾಡನ್ನೆಲ್ಲ ಆಯ್ದುಕೊಂಡು ಹೋದವರ ಕಟ್ಟಡದ ಹೆಸರನ್ನು ಅದಕ್ಕೆ ಇಡಬೇಕೇ?

2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ, ಬಸವಣ್ಣನವರ ಪ್ರತಿಮೆ ಅನಾವರಣವಾಯಿತು. ನನಗೂ ಕಣ್ಣು ತುಂಬಿತ್ತು. ಆದರೆ ಅದೇ ಲಂಡನ್ನಿನಲ್ಲೇ ಇನ್ನೊಬ್ಬ ಲಿಂಗಾಯತ, ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ, ತನ್ನ ಹಣಕ್ಕಾಗಿ ಕುಂಪಣಿಯ ಮೇಲೆ ದಾವೆ ಹೂಡಿ ಅಲೆದು ಅಲ್ಲೇ ತೀರಿಕೊಂಡ. ಪ್ರತಿಮೆ ನೋಡಲು ಹೋಗುವ ನಮ್ಮವರು ಇದನ್ನೂ ತಿಳಿದು ಹೋಗಲಿ. ಅವನು ಒಳ್ಳೆಯ ಅರಸನಲ್ಲ, ಅದು ಬೇರೆ ಮಾತು.

ಬಸವಕಲ್ಯಾಣದಲ್ಲಿ ಈಗ ನೂರಾರು ಕೋಟಿಯ ಹೊಸ ಅನುಭವ ಮಂಟಪ. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಆಗಲಿ, ಸಂತೋಷ. ಆದರೆ ಆ ಕಡೆ ಹೋದಾಗ ನನಗೆ ನೆನಪಾಗುವುದು ಭಾಲ್ಕಿಯ ಚನ್ನಬಸವ ಪಟ್ಟದ್ದೇವರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಹೊರಗಿನಿಂದ ನೋಡಿದ ಅಧಿಕಾರಿಗೆ ಒಂದು ಕಟ್ಟಡ, ಒಳಗೆ ಕೂತ ಮಗುವಿಗೆ ಇನ್ನೊಂದು. ನಮ್ಮ ಕೆಲವು ಮಠಗಳಲ್ಲಿ ಈಗ ಇದು ತಿರುಗುಮುರುಗಾಗಿದೆ. ಹೊರಗೆ ಶೂನ್ಯಪೀಠ ಎಂಬ ಫಲಕ, ಒಳಗೆ ಬೆಳ್ಳಿಯ ಸಿಂಹಾಸನ, ಪಲ್ಲಕ್ಕಿ, ಸರತಿ ಸಾಲಿನಲ್ಲಿ ನಿಲ್ಲುವ ಅಂಗಳ. ಪೂಜ್ಯರು ಇಲ್ಲೇ ಇದ್ದಾರೆ, ಅವರ ಎದುರಿಗೇ ಹೇಳುತ್ತಿದ್ದೇನೆ. ಅವರು ತಲೆಯಾಡಿಸುತ್ತಿದ್ದಾರೆ, ಹಾಗಾಗಿ ಊಟಕ್ಕೆ ತೊಂದರೆಯಿಲ್ಲ. (ನಗು, ಚಪ್ಪಾಳೆ)

ಇನ್ನು ನಿಮ್ಮ ಭವನ. ಕಟ್ಟಬೇಡಿ ಎನ್ನುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಬಯಲಲ್ಲಿ ಕೂರಲಾಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಕ್ಷೆ ಬರೆಸುವ ಮೊದಲು, ಬಾಗಿಲಿಗೆ ಮೊದಲು ಯಾರನ್ನು ಕರೆಯುತ್ತೀರಿ ಎಂದು ಕಾಗದದ ಮೇಲೆ ಬರೆಯಿರಿ. ಈ ಜಿಲ್ಲೆಯಲ್ಲಿ ಕೊರಗ ಬಂಧುಗಳಿದ್ದಾರೆ. ಅವರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ನೇ ಇಸವಿಯಲ್ಲಿ ಕಾನೂನೇ ಬೇಕಾಯಿತು. ನಮ್ಮವರೆಂದರೆ ಯಾರು ಎಂದು ಹಿರಿಯರು ಫೋನಿನಲ್ಲಿ ಲೆಕ್ಕ ಹೇಳುವಾಗ ಮನೆಗಳ ಸಂಖ್ಯೆ ಹೇಳಿದರು. ಹರಳಯ್ಯನವರು ಕಲ್ಯಾಣಕ್ಕೆ ಬಂದಾಗ ಆ ಲೆಕ್ಕದಲ್ಲಿ ಇದ್ದರೇ? ಭವನ ಏಳುವವರೆಗೆ ತಿಂಗಳಿಗೊಂದು ಮನೆಯಲ್ಲಿ ಕೂಡಿ: ಒಮ್ಮೆ ಬಂಟ್ವಾಳ, ಒಮ್ಮೆ ಬೆಳ್ತಂಗಡಿ, ಒಮ್ಮೆ ಇಲ್ಲಿ. ಅದರಲ್ಲಿ ಒಂದು ತಿಂಗಳು ಕೊರಗರ ಕಾಲೋನಿಯ ಮನೆಯೊಂದರಲ್ಲಿ, ಅವರು ಒಪ್ಪಿದರೆ. ಅವರ ಮನೆಗೆ ನಾವು ಅತಿಥಿಗಳಾಗಿ ಹೋಗುವುದು. ಉದ್ಧಾರಕ್ಕೆ ಹೊರಟವರಂತೆ ಹೋಗಬೇಡಿ. ಅವರು ಕೊಟ್ಟ ನೀರು ಕುಡಿಯಿರಿ. ವರ್ಷ ಹೀಗೆ ನಡೆದ ಮೇಲೂ ಭವನ ಬೇಕೆನ್ನಿಸಿದರೆ ನನಗೆ ಹೇಳಿ, ನನ್ನ ಪಿಂಚಣಿಯ ಒಂದು ತಿಂಗಳ ಹಣ ಮೊದಲ ರಶೀದಿಗೆ.

ಸಮಯ ಮೀರಿದೆ, ಹಿರಿಯರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ. ಹಿಂದೆ ಬಾಗಿಲ ಹತ್ತಿರ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಈ ಸಾಲಿನಲ್ಲಿ ಕುರ್ಚಿಗಳು ಖಾಲಿ ಇವೆ. ಬನ್ನಿ ಅಕ್ಕ, ನೀವೂ ಬನ್ನಿ.